ಎರಡನೆಯ ಹಗ್ಗ

ಅಡುಗೆಮನೆಯ ಕಿಟಕಿಯಲ್ಲಿ ಮೊದಲು ಕಾಣಿಸಿದ್ದು ಒಂದು ಜೊತೆ ಹವಾಯಿ ಚಪ್ಪಲಿ. ಆಮೇಲೆ ಸುಣ್ಣಬಣ್ಣ ಮೆತ್ತಿದ ಪೈಜಾಮ, ಆಮೇಲೆ ಒಂದು ಹಲಗೆ, ಕೊನೆಗೆ ಹಲಗೆಯ ಮೇಲೆ ಕೂತ ಮನುಷ್ಯ. ನಮ್ಮದು ಹನ್ನೊಂದನೆಯ ಮಹಡಿ. ಮಳೆ ಹಿಂದೆಗೆದು ಮುಂಬಯಿಯ ಜೋಗೇಶ್ವರಿ ಪೂರ್ವದ ಕಟ್ಟಡಗಳೆಲ್ಲ ಬಣ್ಣ ಬಳಿಸಿಕೊಳ್ಳುವ ಅಕ್ಟೋಬರ್ ಅದು. "ಭಾಭೀ, ಥೋಡಾ ಪಾನೀ" ಎಂದ. ಹೆಂಡತಿ ಗ್ರಿಲ್ಲಿನ ಸಂದಿಯಿಂದ ಲೋಟ ದಾಟಿಸಿದಳು. ಗಟಗಟ ಕುಡಿದು, ಲೋಟ ಹಿಂದೆ ಕೊಟ್ಟು, ಹಗ್ಗವನ್ನು ಒಂದಿಷ್ಟು ಸಡಿಲಿಸಿ ಹತ್ತನೆಯ ಮಹಡಿಯವರ ಪಾಲಾದ.

ನಾನು ನೋಡುತ್ತಿದ್ದುದು ಒಂದನ್ನೇ. ಹಲಗೆಗೆ ಹಗ್ಗವಿತ್ತು. ಅವನಿಗೆ ಇರಲಿಲ್ಲ.

ಹದಿನೆಂಟು ವರ್ಷದಿಂದ ಈ ಊರಿನಲ್ಲಿ ಇಂಥವರನ್ನು ನೋಡುತ್ತಲೇ ಇದ್ದೇನೆ. ಹಗ್ಗ ಎಣಿಸುವ ಚಟ ಹತ್ತಿದ್ದು ಮಾತ್ರ ಈ ವರ್ಷದ ಜುಲೈಯಲ್ಲಿ. "ಅಪ್ಪಾ, ಜಲಪಾತದಲ್ಲಿ ಹಗ್ಗ ಹಿಡಿದು ಇಳಿಯೋದಕ್ಕೆ ನಿನ್ನ ಹೆಸರೂ ಕೊಟ್ಟಿದ್ದೇನೆ, ದುಡ್ಡು ವಾಪಸ್ ಬರಲ್ಲ" ಎಂದಳು ಮಗಳು. ದುಡ್ಡು ವಾಪಸ್ ಬರದ ಮೇಲೆ ಐವತ್ತೆರಡರ ಬ್ಯಾಂಕ್ ನೌಕರ ಏನು ತಾನೆ ಮಾಡಿಯಾನು? ನಸುಕಿನಲ್ಲೆದ್ದು ಜೋಗೇಶ್ವರಿಯಿಂದ ಸ್ಲೋ ಲೋಕಲ್, ದಾದರಿನಲ್ಲಿ ಸೇತುವೆ ದಾಟಿ ಸೆಂಟ್ರಲ್ ಲೈನಿನ ಕಸಾರಾ ಲೋಕಲ್, ಅಲ್ಲಿಂದ ಜೀಪಿನಲ್ಲಿ ವಿಹಿಗಾಂವ್. ಅಲ್ಲಿಯ ಜಲಪಾತಕ್ಕೆ ಜನ ಅಶೋಕಾ ಎನ್ನುತ್ತಾರೆ, ಶಾರುಖ್ ಖಾನನ ಸಿನಿಮಾದ ನೆನಪಿಗೆ. ಸುಮಾರು 120 ಅಡಿ. ಕೆಳಗಿನಿಂದ ನೋಡಿದರೆ ಮುದ್ದಾಗಿದೆ. ಮೇಲಿನಿಂದ ನೋಡಬಾರದು.

ಸೊಂಟಕ್ಕೂ ತೊಡೆಗೂ ಹಾರ್ನೆಸ್ ಬಿಗಿದರು, ತಲೆಗೆ ಹೆಲ್ಮೆಟ್ಟು. ಎಂಟರ ಆಕಾರದ ಒಂದು ಅಲ್ಯೂಮಿನಿಯಂ ತುಂಡಿನಲ್ಲಿ ಹಗ್ಗ ತೂರಿಸಿ, ಅದನ್ನು ಹೊಕ್ಕುಳ ಮುಂದೆ ಸಿಕ್ಕಿಸಿದರು. ಹಗ್ಗ ಆ ಎಂಟನ್ನು ಸುತ್ತಿ ಬರುವಾಗ ಉಜ್ಜುವ ಉಜ್ಜೇ ಬ್ರೇಕು. ಬಲಗೈ ಹಗ್ಗವನ್ನು ಸೊಂಟದ ಹಿಂದೆ ಎಳೆದು ಹಿಡಿದರೆ ನಿಲ್ಲುತ್ತೀರಿ, ಸಡಿಲ ಬಿಟ್ಟರೆ ಇಳಿಯುತ್ತೀರಿ, ಪೂರ್ತಿ ಬಿಟ್ಟರೆ ಬೇರೆ ಕಡೆ ಹೋಗುತ್ತೀರಿ. ಹೊಸಬರು ಹೆದರಿದಾಗ ಮಾಡುವುದು ಅದನ್ನೇ: ಬಲಗೈ ಬಿಟ್ಟು ಎರಡೂ ಕೈಯಿಂದ ಮುಂದಿನ ಹಗ್ಗವನ್ನು ತಬ್ಬುತ್ತಾರೆ. ಇದಕ್ಕಾಗಿಯೇ ಇನ್ನೊಂದು ಹಗ್ಗ. ಅದು ನಿಮ್ಮ ಕೈಯಲ್ಲಿರುವುದಿಲ್ಲ, ಮೇಲೆ ನಿಂತವನ ಕೈಯಲ್ಲಿರುತ್ತದೆ. ಬಿಲೇ ಎನ್ನುತ್ತಾರೆ. ನೀವು ಏನೇ ದಡ್ಡತನ ಮಾಡಿದರೂ ಅವನು ಹಿಡಿಯುತ್ತಾನೆ.

"ಮಾಗೇ ಝುಕಾ, ಕಾಕಾ" ಎಂದ ತರಬೇತಿಯ ಹುಡುಗ. ಹಿಂದಕ್ಕೆ ವಾಲಿ. ಎಲ್ಲಿಗೆ? ಹಿಂದೆ ಇದ್ದದ್ದು ಬರೀ ಗಾಳಿ. ನಡೆಯಲು ಕಲಿತ ದಿನದಿಂದ ಮೈ ಕಲಿತ ಪಾಠವೆಂದರೆ ಹೆದರಿಕೆಯಾದಾಗ ಗೋಡೆಗೆ ಅಂಟಿಕೊ ಎಂಬುದು. ಇಲ್ಲಿ ಅಂಟಿಕೊಂಡಿರೋ, ಪಾದ ಜಾರಿ ಮೊಣಕಾಲೂ ಮೂಗೂ ಒಟ್ಟಿಗೆ ಬಂಡೆಗೆ. ಕಾಲು ಅಗಲಿಸಿ, ಮಂಡಿ ನೆಟ್ಟಗೆ ಮಾಡಿ, ಆರಾಮಕುರ್ಚಿಗೆ ಒರಗಿದಂತೆ ಒರಗಬೇಕು. ಆಗ ಮೈಭಾರವೇ ಪಾದವನ್ನು ಬಂಡೆಗೆ ಒತ್ತುತ್ತದೆ. ಅಂಚಿನ ಆ ಮೊದಲ ಮೂರು ಅಡಿಯಲ್ಲಿ ನಾನು ನೆನೆಯದ ದೇವರಿಲ್ಲ. ಮಾರಿಕಾಂಬೆಯಿಂದ ಹಿಡಿದು ಜೋಗೇಶ್ವರಿ ಮಾತೆಯವರೆಗೆ ಎಲ್ಲರಿಗೂ ಕರೆ ಹೋಯಿತು.

ಈ ಹುಚ್ಚನ್ನು ಶುರುಮಾಡಿದವನು ಫ್ರಾನ್ಸಿನ ಶಾಮೋನಿ ಎಂಬ ಊರಿನ ಪರ್ವತ ಮಾರ್ಗದರ್ಶಿ ಜಾನ್ ಶಾರ್ಲೆ. 1876ರಲ್ಲಿ ಒಬ್ಬನೇ ಪೆತಿ ದ್ರು ಶಿಖರ ಹತ್ತಲು ಹೋಗಿ, ಆಗದೆ, ಹಿಂದಿರುಗುವಾಗ ಹಗ್ಗವನ್ನು ಜೋಡಿಮಾಡಿ ಬಂಡೆಗೆ ಸಿಕ್ಕಿಸಿ ಇಳಿದ. ಇಳಿದ ಮೇಲೆ ಒಂದು ತುದಿ ಎಳೆದರೆ ಹಗ್ಗ ಪೂರ್ತಿ ಕೈಗೆ ಬರುತ್ತದೆ. ಆ 'ಹಿಂದಕ್ಕೆ ಕರೆಸಿಕೊಳ್ಳುವುದು' ಫ್ರೆಂಚಿನಲ್ಲಿ ರಪೆಲ್. ಹತ್ತಲಾಗದವನು ಕಂಡುಕೊಂಡ ವಿದ್ಯೆ ಎಂದು ತಿಳಿದಾಗ ನನಗೆ ಆಪ್ತವೆನಿಸಿತು. ಅದೇ ವರ್ಷ ಅವನು ತನ್ನೊಂದಿಗೆ ಚಳಿಗಾಲದಲ್ಲಿ ಮೊಂ ಬ್ಲಾಂ ಹತ್ತಿದ್ದ ಇಂಗ್ಲಿಷ್ ಹೆಣ್ಣುಮಗಳು ಇಸಾಬೆಲಾ ಸ್ಟ್ರಾಟನ್‌ಳನ್ನು ಮದುವೆಯಾಗಿ, ಅವಳ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ. ದ್ರು ಶಿಖರ ಕೈಗೆ ಸಿಕ್ಕಿದ್ದು 1879ರಲ್ಲಿ. ಆಮೇಲೆ ಜರ್ಮನಿಯ ಹಾನ್ಸ್ ಡ್ಯುಲ್ಫರ್ ಹಗ್ಗವನ್ನು ತೊಡೆಯ ಸಂದಿಯಿಂದ ತಂದು ಎದೆ, ಹೆಗಲು ಬಳಸಿ ಬೆನ್ನ ಮೇಲೆ ಇಳಿಬಿಡುವ ಪದ್ಧತಿಗೆ ಹೆಸರಾದ. ಅಲ್ಲಿ ಬ್ರೇಕು ಎಂದರೆ ಇಳಿಯುವವನ ಚರ್ಮವೇ. ನಮ್ಮ ಅಲ್ಯೂಮಿನಿಯಂ ಎಂಟಿಗೆ ನಮಸ್ಕಾರ.

ಶಿರಸಿಯ ತೋಟದಲ್ಲಿ ನಾನು ಚಿಕ್ಕವನಿದ್ದಾಗ ಅಡಿಕೆಯ ಕೊನೆಗಳು ಹೀಗೆ ಇಳಿಯುತ್ತಿದ್ದವು. ಕೊನೆಗೌಡ ಒಂದು ಮರ ಹತ್ತಿ, ದೋಟಿಯಿಂದ ಪಕ್ಕದ ಮರವನ್ನೆಳೆದು ಅದಕ್ಕೆ ದಾಟಿ, ಕೊಯ್ದ ಕೊನೆಯನ್ನು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಿದ್ದ. ಕೆಳಗೆ ಹಗ್ಗದ ತುದಿ ಹಿಡಿದು ನಿಂತವನ ಕಡೆಗೆ ಅದು ಸರ್ರನೆ ಜಾರಿ ಬರುತ್ತಿತ್ತು. ಅಡಿಕೆ ಉದುರಬಾರದೆಂದು ಕೊನೆಗೆ ಹಗ್ಗ. ಗೌಡನಿಗೆ ಕಾಲಿಗೊಂದು ಕುಣಿಕೆ, ಅಷ್ಟೇ. ಅವನು ಉದುರಿದರೆ ಎಂದು ಆಗ ಯಾರೂ ಕೇಳಿದ್ದು ನೆನಪಿಲ್ಲ. ನಾನಂತೂ ಕೇಳಿಲ್ಲ.

ಐವತ್ತಡಿ ಇಳಿದ ಮೇಲೆ ಮಜಾ ಹತ್ತಿತು, ಸುಳ್ಳು ಹೇಳುವುದಿಲ್ಲ. ನೀರಿನ ಭೋರ್ಗರೆತದಲ್ಲಿ ಆಫೀಸು, ಸಾಲದ ಕಂತು, ಸೊಸೈಟಿಯ ಮೀಟಿಂಗು ಯಾವುದೂ ಕೇಳಿಸುತ್ತಿರಲಿಲ್ಲ. ಕಣ್ಣಿಗೆ ಒಂದು ಗೇಣು ದೂರದಲ್ಲಿ ಪಾಚಿ. ಅದರ ಮೇಲೆ ರೂಪಾಯಿ ನಾಣ್ಯದಷ್ಟು ಗಾತ್ರದ ಏಡಿಯೊಂದು ಅಡ್ಡಡ್ಡ ಮೇಲಕ್ಕೆ ಹೋಗುತ್ತಿತ್ತು, ಹಗ್ಗವಿಲ್ಲದೆ. ಅದನ್ನೇ ನೋಡುತ್ತ ಇಳಿಯುತ್ತಿದ್ದವನು ಗಕ್ಕನೆ ನಿಂತೆ. ಅಂಗಿಯ ಚುಂಗು ಹಗ್ಗದೊಡನೆ ಎಂಟಿನೊಳಗೆ ಹೊಕ್ಕಿತ್ತು.

ಅಂಗಿ ಒಳಗೆ ಸೇರಿಸಿ ಎಂದು ಹುಡುಗ ಎರಡು ಸಲ ಹೇಳಿದ್ದ. ಹೊಟ್ಟೆ ಕಾಣುತ್ತದೆಂದು ನಾನು ಹೊರಗೆಳೆದುಕೊಂಡಿದ್ದೆ. ತಪ್ಪು ನೂರಕ್ಕೆ ನೂರು ನನ್ನದೇ. ಬಿಟ್ಟ ಕೂದಲು, ದುಪಟ್ಟಾ, ಹೆಲ್ಮೆಟ್ಟಿನ ಜೋತ ಪಟ್ಟಿ, ಆ ಎಂಟು ಯಾವುದನ್ನೂ ಬೇಡವೆನ್ನುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ, ಏಕೆಂದರೆ ಮೈಭಾರವೆಲ್ಲ ಅದರ ಮೇಲೆಯೇ. ತಲೆಯ ಮೇಲೆ ನೀರು ಸುರಿಯುತ್ತಿದೆ, ಕೂಗಿದರೆ ನನಗೇ ಕೇಳುತ್ತಿಲ್ಲ. ಮೇಲಿನವನು ಹೇಗೋ ಅರ್ಥಮಾಡಿಕೊಂಡು ಎರಡನೆಯ ಹಗ್ಗ ಬಿಗಿದ. ಕಾಲಿಗೆ ಸಿಕ್ಕ ಸಣ್ಣದೊಂದು ಬಂಡೆಯ ಮೆಟ್ಟಿಲ ಮೇಲೆ ನಿಂತೆ, ಭಾರ ಇಳಿಯಿತು, ಅಂಗಿ ಹರಿದುಕೊಂಡು ಹೊರಬಂತು. ಕೆಳಗೆ ಮಗಳು ವಿಡಿಯೋ ಮಾಡಿಕೊಳ್ಳುತ್ತಿದ್ದಳು.

ಹತ್ತುವವನಿಗೆ ಕೈಕಾಲು ಆಧಾರ, ಹಗ್ಗ ಜಾಮೀನು. ಇಳಿಯುವವನಿಗೆ ಹಗ್ಗವೇ ಎಲ್ಲ. ಹಗ್ಗವಿಲ್ಲದೆ ಬಂಡೆ ಹತ್ತಿ ಹೆಸರಾಗಿದ್ದ ಅಮೆರಿಕದ ಬ್ರಾಡ್ ಗಾಬ್ರೈಟ್ 2019ರ ನವೆಂಬರಿನಲ್ಲಿ ಮೆಕ್ಸಿಕೋದಲ್ಲಿ ಸತ್ತದ್ದು ಹಗ್ಗದಲ್ಲಿ ಇಳಿಯುವಾಗ. ಹಗ್ಗ ಎರಡು ಕಡೆ ಸಮನಾಗಿರಲಿಲ್ಲ, ತುದಿಗೆ ಗಂಟಿರಲಿಲ್ಲ, ಅವನು ತುದಿ ದಾಟಿಬಿಟ್ಟ. ಅಂಥವನಿಗೇ ಹೀಗಾದರೆ ನಾವು ಕೇಳಿ ತಿಳಿಯುವುದರಲ್ಲಿ ನಾಚಿಕೆಯೇನು? ಬಿಲೇ ಉಂಟೇ, ಮೇಲೆ ಹಗ್ಗ ಕಟ್ಟಿದ್ದು ಎರಡು ಕಡೆಗೋ ಒಂದೇ ಕಡೆಗೋ, ನೀರು ಏರಿದರೆ ನಿಲ್ಲಿಸುತ್ತೀರೋ ಎಂದು ಕೇಳಿ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಾಹಸ ಪ್ರವಾಸಕ್ಕೊಂದು ನೀತಿ ತಂದು, ಇಂಥದ್ದನ್ನು ನಡೆಸುವವರು ನೋಂದಾಯಿಸಬೇಕೆಂದಿದೆ. ಅದನ್ನೂ ಕೇಳಿ. ಮುಖ ಸಿಂಡರಿಸಿದರೆ ಭಜಿಯಾ ತಿಂದು ವಾಪಸ್ ಬನ್ನಿ.

ಜಲಪಾತ ಇಳಿದ ಮರುದಿನ ಹರಕೆಯ ನೆಪದಲ್ಲಿ ಜೋಗೇಶ್ವರಿ ಗುಹೆಗೆ ಹೋದೆ. ಆರನೆಯ ಶತಮಾನದ ಶಿವಾಲಯ. ಸುತ್ತಲೂ ಮನೆಗಳು ಒತ್ತಿಕೊಂಡಿವೆ, ಒಳಗೆ ಹೋಗಲು ಮೆಟ್ಟಿಲಿಳಿಯಬೇಕು. ತೊಡೆ ಹಿಡಿದುಕೊಂಡಿತ್ತು. ಜಲಪಾತದಲ್ಲಿ ಆಗದ ಕಷ್ಟ ಆ ಮೆಟ್ಟಿಲುಗಳಲ್ಲಿ ಆಯಿತು.

ಆ ನೀರಿನ ಲೋಟದ ವಾರವೇ ಸೊಸೈಟಿ ಮೀಟಿಂಗಿನಲ್ಲಿ ಪೇಂಟಿಂಗಿನವರಿಗೆ ಎರಡನೆಯ ಹಗ್ಗ ಬೇಕೆಂದೆ. "ಸಾಬ್, ಆಜ್ ತಕ್ ಕುಛ್ ನಹೀಂ ಹುವಾ" ಎಂದ ಕಂತ್ರಾಟುದಾರ. ಇವತ್ತಿನವರೆಗೆ ಏನೂ ಆಗಿಲ್ಲವಂತೆ. ಖಜಾಂಚಿಗಳು ಹಗ್ಗಕ್ಕೆ ಜಿಎಸ್‌ಟಿ ಎಷ್ಟೆಂದು ಕೇಳಿದರು. ಮುಕ್ಕಾಲು ಗಂಟೆ ಜಗಳವಾಡಿ ಮಂಜೂರಾಯಿತು. ಸೋಮವಾರ ಹವಾಯಿ ಚಪ್ಪಲಿ ಮತ್ತೆ ಕಿಟಕಿಗೆ ಬಂತು. ಹೊಸ ನೀಲಿ ಹಗ್ಗವೂ ಇತ್ತು, ಬಕೆಟ್ಟಿಗೆ ಕಟ್ಟಿತ್ತು. ಬಣ್ಣ ಚೆಲ್ಲಬಾರದಂತೆ.

ಈಗ ಹೆಂಡತಿ ಹಗ್ಗ ಅವನ ಸೊಂಟದಲ್ಲಿದ್ದರೆ ಮಾತ್ರ ನೀರು ಕೊಡುತ್ತಾಳೆ.