ರಬ್ಬರ್ ಪೊರೆ ಕಳಚಿದ ಟ್ರಕ್ಕು, ಡುಲೂತ್‌ವರೆಗೆ ಕೊನೆಯ ಸವಾರಿ

"ಲಾರಿ ಮಾರಿದ್ಯೇನೇ?"

ಮೈಸೂರಿನಿಂದ ಅಮ್ಮನ ಫೋನ್ ಶುರುವಾಗ್ತಿದ್ದದ್ದೇ ಹೀಗೆ. ನನ್ನ ಹತ್ತಿರ ಇದ್ದದ್ದು ಲಾರಿಯಲ್ಲ, ಪಿಕಪ್ ಟ್ರಕ್. ಮುಂದೆ ಕಾರಿನ ಹಾಗೆ ಸೀಟು, ಹಿಂದೆ ತೆರೆದ ತೊಟ್ಟಿ. ಮಿನೆಸೋಟದಲ್ಲಿ ಇದು ತೀರಾ ಮಾಮೂಲಿ ಗಾಡಿ, ಹಿಮ ಬಿದ್ದ ದಿನ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ ಇದ್ದವರೇ ಸುಖಿಗಳು. ಆದರೆ ಅಮ್ಮನ ಪಾಲಿಗೆ ಅದು ಲಾರಿಯೇ. "ನಮ್ಮ ಹುಡುಗಿ ಅಮೆರಿಕದಲ್ಲಿ ಲಾರಿ ಇಟ್ಕೊಂಡಿದ್ದಾಳೆ" ಅಂತ ಕುವೆಂಪುನಗರದ ಅರ್ಧ ಬೀದಿಗೆ ಸುದ್ದಿ ಹಬ್ಬಿಸಿದ್ದಳು.

2023ರ ಮಾರ್ಚ್ 10ಕ್ಕೆ ನನ್ನ ಕೆಲಸ ಹೋಯಿತು. ಎಚ್-1ಬಿ ವೀಸಾದಲ್ಲಿದ್ದವರಿಗೆ ಆಮೇಲೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಕೈಹಿಡಿಯಬೇಕು, ಇಲ್ಲವೇ ಗಂಟು ಕಟ್ಟಬೇಕು. ಐದು ಇಂಟರ್‌ವ್ಯೂ ಆದವು, ಐದೂ ಕಡೆ "ತಿಳಿಸ್ತೀವಿ" ಅಂದರು. ನಲವತ್ತನೇ ದಿನಕ್ಕೆ ನಾನು ಟಿಕೆಟ್ ಬೆಲೆ ನೋಡೋಕೆ ಶುರು ಮಾಡಿದೆ. ಸೋಫಾ, ಮಂಚ, ಮಿಕ್ಸಿ ಎಲ್ಲ ಹೋಯಿತು. ಉಳಿದದ್ದು ಟ್ರಕ್ಕು.

ನಲವತ್ತೊಂದನೇ ದಿನ ಡುಲೂತ್ ಊರಿನಿಂದ ಒಬ್ಬಾಕೆ ಫೋನ್ ಮಾಡಿದಳು. ಮರಗೆಲಸ ಮಾಡುವವಳು, ಗಾಡಿ ಅವಳಿಗೆ ಹಿಡಿಸಿತ್ತು. 9,500 ಡಾಲರ್‌ಗೆ ಒಪ್ಪಿದಳು, ಒಂದು ಷರತ್ತು ಹಾಕಿ: "ಆ ಕಪ್ಪು ರಬ್ಬರ್ ತೆಗೆದು ಕೊಟ್ಟರೆ ಇಷ್ಟು. ಹಾಗೇ ಕೊಟ್ಟರೆ 8,000."

1,500 ಡಾಲರ್ ಅಂದರೆ ಆಗ ನನಗೆ ವಿಮಾನದ ಟಿಕೆಟ್ಟೂ, ಪೆಟ್ಟಿಗೆ ಸಾಗಿಸುವ ಖರ್ಚೂ.

ಏನಿದು ಕಪ್ಪು ರಬ್ಬರ್?

ಅಮೆರಿಕದ ಪಿಕಪ್‌ಗಳಿಗೆ ಕ್ರೋಮ್ ಅಂದರೆ ಪ್ರಾಣ. ಮುಂದಿನ ಜಾಲರಿ, ಬಂಪರ್, ಚಕ್ರ, ಕನ್ನಡಿಯ ಬೆನ್ನು ಎಲ್ಲ ಪಳಪಳ. ಕೆಲವು ಹುಡುಗರಿಗೆ ಈ ಹೊಳಪು ಇಷ್ಟವಾಗಲ್ಲ, ಗಾಡಿ ಪೂರ್ತಿ ಕಪ್ಪಗೆ ಕಾಣಬೇಕು. ಪೇಂಟ್ ಮಾಡಿಸಿದರೆ ದುಬಾರಿ, ಮತ್ತೆ ತೆಗೆಯೋಕೂ ಆಗಲ್ಲ. ಅದಕ್ಕೇ ಡಬ್ಬಿಯಲ್ಲಿ ಬರುವ ರಬ್ಬರ್ ಸ್ಪ್ರೇ ಹೊಡೀತಾರೆ. ಒಣಗಿದ ಮೇಲೆ ತೆಳು ರಬ್ಬರ್ ಹಾಳೆಯ ಹಾಗೆ ಕೂರುತ್ತದೆ, ಬೇಡವಾದಾಗ ಸುಲಿದು ಹಾಕಬಹುದು.

ಈ ಥರದ ಲೇಪನಕ್ಕೆ ಅಲ್ಲಿ ಜನರ ಬಾಯಲ್ಲಿರುವ ಹೆಸರು ಪ್ಲಾಸ್ಟಿ ಡಿಪ್. ಅದು ಮೊದಲು ಇಕ್ಕಳ, ಸ್ಪ್ಯಾನರ್‌ಗಳ ಹಿಡಿಯನ್ನು ಅದ್ದಿ ತೆಗೆಯುವ ರಬ್ಬರ್ ಆಗಿ ಹೆಸರು ಮಾಡಿತು, ಕಾರಿನ ಶೋಕಿಗೆ ಬಂದದ್ದು ಆಮೇಲೆ. ತಮಾಷೆ ಅಂದರೆ ಆ ಕಂಪನಿಯ ಊರು ಬ್ಲೇನ್, ಮಿನಿಯಾಪೊಲಿಸ್‌ನ ಉತ್ತರಕ್ಕಿರುವ ಬಡಾವಣೆಯಂಥ ಊರು. ನಾನು ಬಾಡಿಗೆಗಿದ್ದದ್ದೂ ಅಲ್ಲೇ.

ನನ್ನ ಗಾಡಿಗೆ ಇದನ್ನು ಹೊಡೆದಿದ್ದು ಹಳೇ ಮಾಲೀಕ. ಯಾವ ಡಬ್ಬಿಯೋ ಗೊತ್ತಿಲ್ಲ, ಆದರೆ ಜಿಪುಣತನ ಮಾಡಿದ್ದ. ಇಂಥ ರಬ್ಬರ್ ದಪ್ಪಗಿದ್ದರೆ ಮಾತ್ರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಒಂದೆರಡು ತೆಳು ಪದರ ಅಷ್ಟೇ ಇದ್ದರೆ ಉಗುರಿನಷ್ಟುಗಲ ಚೂರುಚೂರಾಗಿ ಬರುತ್ತದೆ.

ಅದರ ಮೇಲೆ ಮಿನೆಸೋಟದ ಚಳಿಗಾಲ. ಆ ವರ್ಷ ಅವಳಿ ನಗರಗಳಲ್ಲಿ 90 ಇಂಚು ಹಿಮ ಬಿದ್ದಿತ್ತು, ದಾಖಲೆಯಲ್ಲೇ ಮೂರನೇ ಸ್ಥಾನ. ಹಿಮ ಬಿದ್ದಷ್ಟೂ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪುನೀರು ರಬ್ಬರಿನ ಅಂಚಿನಲ್ಲಿ ನುಸುಳಿ ಒಳಗೇ ಕೂತಿತ್ತು. ಏಪ್ರಿಲ್ ಹೊತ್ತಿಗೆ ನನ್ನ ಟ್ರಕ್ಕಿನ ಮುಖ ಬಿಸಿಲಿಗೆ ಚರ್ಮ ಸುಲಿದವರ ಮೂಗಿನ ಹಾಗಿತ್ತು.

ಅಮ್ಮನ ಕೊಬ್ಬರಿ ಎಣ್ಣೆ, ಪಕ್ಕದ ಮನೆ ಅಜ್ಜ

ಮೊದಲ ದಿನ ಗ್ಯಾರೇಜಿನಲ್ಲಿ ಕೂತು ಉಗುರಲ್ಲಿ ಕೆರೆದೆ. ಎರಡು ಗಂಟೆಗೆ ಒಂದು ಚಕ್ರದ ಅರ್ಧವೂ ಆಗಲಿಲ್ಲ. ಅಷ್ಟೊತ್ತಿಗೆ ಅಮ್ಮನ ವಿಡಿಯೊ ಕಾಲ್.

"ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಕೊಳಲ್ವೇನೇ? ಅಂಟು ಅಂದ್ರೆ ಅಂಟೇ. ಕೊಬ್ಬರಿ ಎಣ್ಣೆ ಹಚ್ಚು."

"ಅಮ್ಮ, ಇಲ್ಲಿ ಕೊಬ್ಬರಿ ಎಣ್ಣೆ ಡಬ್ಬದಲ್ಲಿ ಕಲ್ಲಾಗಿದೆ."

"ಹಂಗಾದ್ರೆ ಬಿಸಿ ಮಾಡೇ."

ನಾನು ನಕ್ಕುಬಿಟ್ಟೆ. ಆದರೆ ಅವಳ ಎರಡೂ ಮಾತು ಸರಿ ಅಂತ ಗೊತ್ತಾಗಿದ್ದು ಮರುದಿನ, ಪಕ್ಕದ ಮನೆಯ ಅಜ್ಜ ಬಂದಾಗ.

ಈ ಅಜ್ಜ ನಿವೃತ್ತ ಲಾರಿ ಡ್ರೈವರ್. ನಮ್ಮ ಮನೆ ಹತ್ತಿರ ಹಾದುಹೋಗುವ ಐ-35 ಹೆದ್ದಾರಿ ಟೆಕ್ಸಸ್‌ನ ಗಡಿ ಊರು ಲಾರೆಡೊದಲ್ಲಿ ಹುಟ್ಟಿ ಡುಲೂತ್‌ನಲ್ಲಿ ಮುಗಿಯುತ್ತದೆ, ಸುಮಾರು 1,570 ಮೈಲಿ. ಅದರ ಎರಡೂ ತುದಿ ಎಷ್ಟು ಸಲ ಮುಟ್ಟಿದ್ದೀನೋ ಲೆಕ್ಕವಿಲ್ಲ ಅಂತಿದ್ದರು. ಗ್ಯಾರೇಜಿನ ಬಾಗಿಲಲ್ಲಿ ನಿಂತು, ಕಾಫಿ ಹೀರುತ್ತಾ, ನಾನು ಕೆರೆಯೋದನ್ನು ಐದು ನಿಮಿಷ ನೋಡಿದರು. ಆಮೇಲೆ ಅವರು ಹೇಳಿದ್ದರ ಸಾರ ಇಷ್ಟು: ರಬ್ಬರ್ ತೆಗೆಯೋಕೆ ಇನ್ನಷ್ಟು ರಬ್ಬರ್ ಹೊಡಿ.

ನಾನು ತಮಾಷೆ ಅಂದುಕೊಂಡೆ. ಅಲ್ಲ. ಹಳೇ ತೆಳು ಪದರದ ಮೇಲೆ ಮೂರ್ನಾಲ್ಕು ದಪ್ಪ ಪದರ ಹೊಡೆದರೆ ಹೊಸದು ಹಳೆಯದಕ್ಕೆ ಬೆರೆತು ಒಂದೇ ಹಾಳೆಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಅಂಚು ಎತ್ತಿ ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ.

ಸ್ಪ್ರೇ ಟೈರಿಗೆ ತಾಗಬಾರದು. ಅದಕ್ಕೆ ಟೈರು ಮತ್ತು ರಿಮ್ಮಿನ ಸಂದಿಗೆ ಸುತ್ತಲೂ ಇಸ್ಪೀಟ್ ಎಲೆಯಂಥ ಕಾರ್ಡು ಸಿಕ್ಕಿಸಬೇಕು. ನನ್ನ ಹತ್ತಿರ ಇಸ್ಪೀಟ್ ಇರಲಿಲ್ಲ. ಆದರೆ ಹಳೇ ಆಫೀಸಿನ ವಿಸಿಟಿಂಗ್ ಕಾರ್ಡು ಒಂದು ಡಬ್ಬಿ ತುಂಬ ಇತ್ತು. ನನ್ನ ಹೆಸರು, ಅದರ ಕೆಳಗೆ "ಸೀನಿಯರ್" ಅಂತ ಬರೆದದ್ದು. ಬಡ್ತಿ ಸಿಕ್ಕಾಗ ಮಾಡಿಸಿಕೊಟ್ಟದ್ದು, ಹತ್ತು ಕೂಡ ಖರ್ಚಾಗಿರಲಿಲ್ಲ. ನಾಲ್ಕು ಚಕ್ರದ ಸುತ್ತಲೂ ಅವನ್ನೇ ಸಿಕ್ಕಿಸಿದೆ. ಸ್ಪ್ರೇ ಹೊಡೀತಾ ಹೋದ ಹಾಗೆ ನನ್ನ ಹೆಸರು ಒಂದೊಂದಾಗಿ ಕಪ್ಪಾಯಿತು. ಅಜ್ಜ ಏನೂ ಅನ್ನಲಿಲ್ಲ. ಕಾರ್ಡು ಮುಗಿದಾಗ ಇನ್ನಷ್ಟು ಎತ್ತಿ ಕೊಟ್ಟರು, ಅಷ್ಟೇ.

ಒಂದು ಎಚ್ಚರಿಕೆ. ಈ ಸ್ಪ್ರೇಯ ಆವಿಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ. ಮೊದಲು ಹೀಟರ್‌ನಿಂದ ಗ್ಯಾರೇಜ್ ಬೆಚ್ಚಗೆ ಮಾಡಿಕೊಂಡು, ಅದನ್ನು ಆರಿಸಿ, ಬಾಗಿಲು ತೆರೆದು, ಮಾಸ್ಕ್ ಹಾಕಿಕೊಂಡೇ ಹೊಡೆದೆವು.

ಮಾರನೇ ದಿನ ಅಂಚು ಎತ್ತಿ ಎಳೆದೆ. ಮೊದಲ ಚಕ್ರದ್ದು ನಾಲ್ಕೈದು ತುಂಡಾಗಿ ಬಂತು. ಕೊನೆಯದು ಒಂದೇ ಹಾಳೆ! ಕಡ್ಡಿ, ತೂತು, ನಟ್ಟಿನ ಆಕಾರ ಎಲ್ಲ ಅಚ್ಚೊತ್ತಿದ ಹಾಗೆ. ಬಿಸಿ ಕಾವಲಿಯಿಂದ ನೀರುದೋಸೆ ಹರಿಯದೆ ಎದ್ದಾಗ ಆಗುವ ಸಂತೋಷ ಇದೆಯಲ್ಲ, ಅದೇ.

ಎಲ್ಲ ಕ್ರೋಮೂ ಲೋಹವಲ್ಲ

ಜಾಲರಿಯದ್ದು ಬೇರೆಯೇ ಕಥೆ. ಪಿಕಪ್‌ನ ಬಂಪರ್ ಸಾಮಾನ್ಯವಾಗಿ ಉಕ್ಕು, ಅದರ ಮೇಲೆ ಕ್ರೋಮ್. ಆದರೆ ಜಾಲರಿ, ಬಾಗಿಲ ಪಟ್ಟಿ, ಕನ್ನಡಿಯ ಬೆನ್ನು ಇವೆಲ್ಲ ಹೆಚ್ಚಾಗಿ ಪ್ಲಾಸ್ಟಿಕ್, ಮೇಲೆ ಕೂದಲೆಳೆಗಿಂತ ತೆಳುವಾದ ಕ್ರೋಮ್. ಜೋರು ಶಾಖ ಕೊಟ್ಟರೆ ಸೊಟ್ಟಗಾಗುತ್ತದೆ. ಥಿನ್ನರ್, ನೈಲ್‌ಪಾಲಿಶ್ ರಿಮೂವರ್ ಹಾಕಿದರೆ ಪ್ಲಾಸ್ಟಿಕ್ಕೇ ಹಾಳು. ಬ್ಲೇಡು, ಕಬ್ಬಿಣದ ನಾರು ತಾಗಿಸಿದರೆ ಗೀರು.

ಹಾಗಾಗಿ ಅಮ್ಮನ ಸೂತ್ರ: ಬಿಸಿ, ಎಣ್ಣೆ. ಬಿಸಿಗೆ ತಲೆಕೂದಲು ಒಣಗಿಸುವ ಡ್ರೈಯರ್. ಎಣ್ಣೆಗೆ ಡಬ್ಲ್ಯುಡಿ-40, ನಮ್ಮಲ್ಲಿ ತುಕ್ಕು ಹಿಡಿದ ಬೀಗಕ್ಕೆ ಹೊಡೀತೀವಲ್ಲ, ಅದೇ. ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಸುಲಿಯುವಷ್ಟು ಸುಲಿದೆ. ಅದು ಆರಿ ತಣ್ಣಗಾದ ಮೇಲೆ ಮಿಕ್ಕ ಜಾಗಕ್ಕೆ ಟಿಶ್ಯೂ ಪೇಪರ್ ಅಂಟಿಸಿ ಎಣ್ಣೆ ಹೊಡೆದೆ. ಹತ್ತು ನಿಮಿಷ ನೆನೆದಾಗ ರಬ್ಬರ್ ಮೆತ್ತಗಾಗಿ ಸುಕ್ಕುಗಟ್ಟಿತು. ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತಳ್ಳಿದೆ, ಸಂದಿಗೆ ಟೂತ್‌ಬ್ರಷ್. ಕೊನೆಗೆ ಸೋಪು ನೀರು. ಎರಡು ಸಂಜೆ ಹಿಡಿಯಿತು.

ತೊಳೆದ ನೀರನ್ನು ರಸ್ತೆ ಮೋರಿಗೆ ಬಿಡೋ ಹಾಗಿಲ್ಲ ಅಂತ ಅಜ್ಜ ಮೊದಲೇ ಹೇಳಿದ್ದರು. ಅಲ್ಲಿ ಮಳೆನೀರಿನ ಚರಂಡಿ ನೇರ ಕೆರೆಗೆ, ನದಿಗೆ. ಮಿನೆಸೋಟದಲ್ಲಿ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ಸಿಹಿನೀರು ಕೆಡಿಸುತ್ತದೆ ಅಂತ ಅಲ್ಲಿನ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತಲೇ ಇರುತ್ತದೆ. ನನ್ನ ಟ್ರಕ್ಕನ್ನು ತಿಂದ ಉಪ್ಪು ಹೋಗಿ ಸೇರುವುದೂ ಆ ಕೆರೆಗಳಿಗೇ ಅನ್ನೋದು ಐದು ಚಳಿಗಾಲ ಕಳೆದರೂ ನನಗೆ ಹೊಳೆದಿರಲಿಲ್ಲ. ಎಣ್ಣೆ ಬಟ್ಟೆಗಳನ್ನು ಹೊರಗೆ ಹರವಿ ಒಣಗಿಸಿ, ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟು ಬಂದೆ.

ಬಂಪರಿನ ಕೆಳಗೆ

ಕೊನೆಗೆ ಉಳಿದದ್ದು ಬಂಪರ್. ಮೇಲ್ಭಾಗ ಚೆನ್ನಾಗಿ ಬಂತು, ಮುಖ ಕಾಣುವಷ್ಟು ಹೊಳಪು. ಕೆಳಗಿನ ಅಂಚಿನ ರಬ್ಬರ್ ಎಳೆದಾಗ ಅದರ ಜೊತೆ ಕಂದು ಪುಡಿ ಉದುರಿತು.

ತುಕ್ಕು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ವಿನೆಗರ್ ನೀರಲ್ಲಿ ಅದ್ದಿ ಉಜ್ಜಿದರೆ ಕ್ರೋಮ್ ಮೇಲಿನ ತುಕ್ಕು ಹೋಗುತ್ತದೆ. ಹೋಯಿತು ಕೂಡ. ಆದರೆ ಕ್ರೋಮ್ ತೂತು ಬಿದ್ದು ಕೆಳಗಿನ ಉಕ್ಕೇ ತಿಂದಿದ್ದ ಕಡೆ ಸಣ್ಣ ಸಣ್ಣ ಗುಳಿ ಹಾಗೇ ಉಳಿದವು. ಒಂದು ಅಂಗೈ ಅಗಲ. ಹಳೇ ಮಾಲೀಕ ಕಪ್ಪು ಬಳಿದದ್ದು ಶೋಕಿಗೋ, ಇದನ್ನು ಮುಚ್ಚೋಕೋ, ದೇವರಿಗೇ ಗೊತ್ತು.

ಡಬ್ಬಿಯಲ್ಲಿ ಇನ್ನೂ ರಬ್ಬರ್ ಇತ್ತು. ಕೆಳ ಅಂಚಿಗೆ ಮಾತ್ರ ಒಂದು ಕಪ್ಪು ಪಟ್ಟಿ ಎಳೆದರೆ ಡಿಸೈನ್ ಥರಾ ಕಾಣುತ್ತಿತ್ತು. ವಾರ ಕಳೆದರೆ ನಾನು ದೇಶದಲ್ಲೇ ಇರಲ್ಲ. ಯಾರು ಬಂದು ಕೇಳ್ತಾರೆ? ನಿಜ ಹೇಳ್ತೀನಿ, ಡಬ್ಬಿ ಕೈಗೆ ತಗೊಂಡು ಅಲ್ಲಾಡಿಸಿದೆ ಕೂಡ.

ರಾತ್ರಿ ಅಮ್ಮನಿಗೆ ಹೇಳಿದೆ. ಉಪದೇಶ ಬರುತ್ತೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: "ಆ ಹುಡುಗಿ ಗಾಡಿ ಇಟ್ಕೊಂಡು ಹೊಟ್ಟೆಪಾಡಿಗೆ ದುಡಿಯೋಳಾ?"

"ಹೂಂ ಅಮ್ಮ. ಮರಗೆಲಸ."

"ಹಂಗಾದ್ರೆ ಫೋನ್ ಮಾಡಿ ಹೇಳ್ಬಿಡೇ."

ಫೋಟೊ ಕಳಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ 300 ಡಾಲರ್ ಇಳಿಸಿದಳು. ಒಪ್ಪಿಕೊಂಡೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಮಾರ್ಚ್ 10ರ ನಂತರ ಅದೇ ಮೊದಲು.

ಹೆದ್ದಾರಿಯ ತುದಿಗೆ

ಏಪ್ರಿಲ್ 29, ಶನಿವಾರ. ಐವತ್ತನೇ ದಿನ. ಡುಲೂತ್‌ಗೆ ಎರಡೂವರೆ ಗಂಟೆ ದಾರಿ. ಫಾರೆಸ್ಟ್ ಲೇಕ್ ದಾಟಿದ ಮೇಲೆ ಹೊಲಗಳು, ಇನ್ನೂ ಹಸಿರಾಗದ ಮರಗಳು. ಹಿಂಕ್ಲಿಯಲ್ಲಿ ನಿಲ್ಲಿಸಿ ಕ್ಯಾರಮೆಲ್ ರೋಲ್ ತಿಂದೆ. 1894ರಲ್ಲಿ ಕಾಡ್ಗಿಚ್ಚು ಬಂದು ನಾನೂರಕ್ಕೂ ಹೆಚ್ಚು ಜನ ಸತ್ತ ಊರದು, ಮತ್ತೆ ಕಟ್ಟಿಕೊಂಡು ಈಗ ಹೆದ್ದಾರಿ ಪ್ರಯಾಣಿಕರಿಗೆ ತಿಂಡಿ ಹಾಕುತ್ತದೆ. ನಿಲ್ಲಿಸಿದಾಗೆಲ್ಲ ಇಳಿದು ಬಂಪರ್ ನೋಡುತ್ತಿದ್ದೆ. ಅದರಲ್ಲಿ ನಾನೂ, ನನ್ನ ಹಿಂದೆ ಇಡೀ ಆಕಾಶವೂ ಬಾಗಿಕೊಂಡು ಕಾಣುತ್ತಿದ್ದೆವು.

ಡುಲೂತ್ ಹತ್ತಿರವಾದಾಗ ಥಾಂಪ್ಸನ್ ಹಿಲ್ ಅನ್ನೋ ಗುಡ್ಡ ಬರುತ್ತದೆ. ಅಲ್ಲಿಂದ ರಸ್ತೆ ಇಳಿಯುವಾಗ ಒಮ್ಮೆಲೇ ಸುಪೀರಿಯರ್ ಸರೋವರ ಕಣ್ಣಿಗೆ ಬೀಳುತ್ತದೆ. ವಿಸ್ತಾರದಲ್ಲಿ ಪ್ರಪಂಚದ ಅತಿ ದೊಡ್ಡ ಸಿಹಿನೀರಿನ ಸರೋವರ, ಆಚೆ ದಡ ಕಾಣಲ್ಲ. ಕಬ್ಬಿಣದ ಅದಿರು ಸಾಗಿಸುವ ಉದ್ದುದ್ದ ಹಡಗುಗಳ ಬಂದರು ಇದು. ಹಡಗು ಬಂದಾಗ ರಸ್ತೆಯನ್ನೇ ಮೇಲಕ್ಕೆತ್ತಿ ದಾರಿ ಬಿಡುವ ಏರಿಯಲ್ ಲಿಫ್ಟ್ ಬ್ರಿಜ್ ಇದೆ. 1905ರಲ್ಲಿ ಕಟ್ಟಿದಾಗ ಅದು ತೂಗುತೊಟ್ಟಿಯಲ್ಲಿ ಜನರನ್ನು ದಾಟಿಸುತ್ತಿತ್ತಂತೆ, ಆಮೇಲೆ ಎತ್ತುವ ಸೇತುವೆಯಾಗಿ ಬದಲಾಯಿಸಿದರು. ಮೊದಲ ವರ್ಷ ಗೆಳತಿಯರ ಜೊತೆ ಇಲ್ಲಿಗೆ ಬಂದಾಗ "ಮತ್ತೆ ಮತ್ತೆ ಬರೋಣ" ಅಂದುಕೊಂಡಿದ್ದೆ. ಬಂದದ್ದು ಇದು ಎರಡನೇ ಸಲ.

ಆಕೆ ಸೇತುವೆ ಹತ್ತಿರವೇ ಕಾಯುತ್ತಿದ್ದಳು. ಮೊದಲು ಬಗ್ಗಿ ಬಂಪರಿನ ಕೆಳಗೆ ಕೈಯಾಡಿಸಿದಳು. "ನೀನು ಹೇಳಿದಷ್ಟೇ ಇದೆ" ಅಂದಳು. ಚಕ್ರ ನೋಡಿ ಸಿಳ್ಳೆ ಹೊಡೆದಳು. ಚೆಕ್ ಕೈಗೆ ಬಂತು, ಪತ್ರಕ್ಕೆ ಸಹಿ ಹಾಕಿದೆ, ಬೀಗದ ಕೈ ಕೊಟ್ಟೆ. ಬಸ್ ನಿಲ್ದಾಣದವರೆಗೆ ಅದೇ ಗಾಡಿಯಲ್ಲಿ ಬಿಟ್ಟಳು. ನನ್ನ ಗಾಡಿಯ ಎಡಸೀಟಿನಲ್ಲಿ ಬೇರೆಯವರು, ನಾನು ಪಕ್ಕದಲ್ಲಿ. ಐದು ನಿಮಿಷದ ದಾರಿ, ಗಂಟಲು ಕಟ್ಟಿತ್ತು.

ಐವತ್ತೇಳನೇ ದಿನ ವಿಮಾನ ಹತ್ತಿದೆ. ಏರ್‌ಪೋರ್ಟಿಗೆ ಬಿಟ್ಟದ್ದು ಅಜ್ಜ.

ಈಗ ಮೈಸೂರಲ್ಲೇ ಕೆಲಸ. ಸಂಬಳ ಕಡಿಮೆ, ಮನೆ ಊಟ ಜಾಸ್ತಿ. ಪೆಟ್ಟಿಗೆಯಲ್ಲಿ ನಾನು ತಂದ ಬೇಡದ ಸಾಮಾನುಗಳಲ್ಲಿ ಆ ನಾಲ್ಕನೇ ಚಕ್ರದ ಇಡೀ ರಬ್ಬರ್ ಹಾಳೆಯೂ ಇತ್ತು. ಅಮ್ಮ ಬಿಡಿಸಿ ನೋಡಿ, "ಇದೇನೇ, ಹಾವಿನ ಪೊರೆ ಇದ್ದಂಗಿದೆ" ಅಂದಳು. ಎಸೀತಾಳೆ ಅಂದುಕೊಂಡೆ. ಎಸೆಯಲಿಲ್ಲ. ಒಂದು ತುಂಡು ಕತ್ತರಿಸಿ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಾಳೆ.

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸೋಕೆ ಚೆನ್ನಾಗಿ ಹಿಡಿತ ಸಿಗುತ್ತದಂತೆ.