ಉರಿಯ ತಂಪು, ಬಿಸಿಲ ತಂಪು

ಗಾಲಿಯ ಮೇಲಿನ ಮನೆಗೆ ಎಂಜಿನ್ ಎಷ್ಟು ಮುಖ್ಯವೋ ಫ್ರಿಜ್ಜೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮೋಟರ್‌ಹೋಮಿನಲ್ಲಿ ತಿರುಗುವ ಕನ್ನಡದ ಮನೆಗಳಿಗಂತೂ ಇದನ್ನು ಹೇಳಬೇಕಾಗಿಲ್ಲ. ಫೀನಿಕ್ಸ್ ಬಿಟ್ಟು ಯೂಟಾದ ಕೆಂಪು ಬಂಡೆಗಳ ಸೀಮೆಗೆ ಹೊರಟರೆ ಕರಿಬೇವು, ಕೊತ್ತಂಬರಿ, ದೋಸೆ ಹಿಟ್ಟು, ಮೊಸರು ಎಲ್ಲವೂ ಆ ಪುಟ್ಟ ಪೆಟ್ಟಿಗೆಯನ್ನೇ ನಂಬಿ ಬರುತ್ತವೆ. ಒಳಗಿನ ಬಿಸಿ 4 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ಉಳಿಯಿತೋ, ಮಗುವಿಗೆ ಅದರಲ್ಲಿಟ್ಟ ಹಾಲು ಕೊಡಲು ಕೈ ಬರುವುದಿಲ್ಲ.

ನಮ್ಮ ಗಾಡಿಯ ಗ್ಯಾಸಿನ ಫ್ರಿಜ್ ಕೈಕೊಟ್ಟಾಗ ಮೊದಲು ಬಂದದ್ದು ಮೂಗಿಗೆ ಅಡರುವ ಅಮೋನಿಯಾ ವಾಸನೆ. ಹೊರಗೋಡೆಯ ಜಾಲರಿ ತೆಗೆದು ನೋಡಿದರೆ ಕೊಳವೆಯ ಬುಡದಲ್ಲಿ ಹಳದಿ ಪುಡಿ. ಇವೆರಡೂ ಕಂಡ ಮೇಲೆ ಕಾಯುವುದಕ್ಕೆ ಏನೂ ಇಲ್ಲ. ಒಳಗಿನಿಂದ ಸೋರುವ ಹೈಡ್ರೋಜನ್ ಹೊತ್ತಿಕೊಳ್ಳಬಲ್ಲದು. ತಕ್ಷಣ ಗ್ಯಾಸ್ ನಿಲ್ಲಿಸಬೇಕು, ಕಿಟಕಿ ಬಾಗಿಲು ತೆರೆಯಬೇಕು.

ಆದರೂ ಆ ಹಳೆಯ ಯಂತ್ರದ ಮೇಲೆ ನನಗೆ ಅಪಾರ ಗೌರವ. 1922ರಲ್ಲಿ ಸ್ಟಾಕ್‌ಹೋಮ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್‌ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಹುಡುಗರು ಕಂಡುಹಿಡಿದದ್ದು ಅದು. ಪಂಪಿಲ್ಲ, ಮೋಟಾರಿಲ್ಲ, ತಿರುಗುವ ಭಾಗ ಒಂದೂ ಇಲ್ಲ. ಕೆಳಗೆ ಪುಟ್ಟದೊಂದು ಗ್ಯಾಸಿನ ಉರಿ. ಅದರ ಕಾವಿಗೆ ನೀರಿನಿಂದ ಬೇರೆಯಾಗುವ ಅಮೋನಿಯಾ ಮೇಲೇರಿ ತಣಿದು ದ್ರವವಾಗುತ್ತದೆ. ಹೈಡ್ರೋಜನ್ನಿನ ಸಂಗದಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರಿಕೊಂಡು, ಪುನಃ ನೀರಿನಲ್ಲಿ ಕರಗಿ ಉರಿಯ ಬಳಿಗೆ ಬರುತ್ತದೆ. ಈ ಸುತ್ತನ್ನು ನಡೆಸುವುದು ಬರೀ ಕಾವು ಮತ್ತು ಭೂಮಿಯ ಸೆಳೆತ. ಆದ್ದರಿಂದಲೇ ಅದಕ್ಕೆ ಸಮತಟ್ಟು ನೆಲ ಬೇಕು. ಗಾಡಿ ಓರೆಯಾಗಿ ನಿಂತರೆ ದ್ರವ ಅಲ್ಲಲ್ಲೇ ತಂಗುತ್ತದೆ, ಕುದಿಕೊಳವೆ ಮಿತಿಮೀರಿ ಕಾಯುತ್ತದೆ, ತುಕ್ಕು ತಡೆಯಲೆಂದು ಬೆರೆಸಿದ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಸುಮಾರು 8,000 ಅಡಿ ಎತ್ತರದ ಬ್ರೈಸ್ ಕ್ಯಾನಿಯನ್‌ನ ಅಂಚಿನಲ್ಲಿ ತೆಳುಗಾಳಿಗೆ ಉರಿ ಸೊರಗುತ್ತದೆ. ಅರಿಜೋನಾದ ಬೇಸಿಗೆಯಲ್ಲಿ ಫ್ರಿಜ್ಜಿನ ಬೆನ್ನಿನ ಶಾಖ ಹೊರಹೋಗದೆ ತಂಪು ಕೈಗೆಟಕುವುದಿಲ್ಲ.

ಹೊಸದನ್ನು ಆರಿಸಲು ಕೂತಾಗ ಎದುರಿಗೆ ಮೂರು ದಾರಿಗಳಿದ್ದವು. ಅದೇ ಬಗೆಯ ಹೊಸ ಫ್ರಿಜ್ ತರುವುದು ಒಂದು. ಪೆಟ್ಟಿಗೆಯನ್ನು ಉಳಿಸಿಕೊಂಡು ಹಿಂದಿನ ಕೊಳವೆಗಳ ಜೋಡಣೆಯನ್ನಷ್ಟೇ ಬದಲಿಸುವುದು ಇನ್ನೊಂದು. ಈ ಜೋಡಣೆಗಳನ್ನು ಕಟ್ಟುವುದರಲ್ಲಿ ಇಂಡಿಯಾನಾದ ಆಮಿಷ್ ಕುಶಲಕರ್ಮಿಗಳು ಹೆಸರಾದವರು. ಊರಿನ ವಿದ್ಯುತ್ ತಂತಿಯನ್ನು ಮನೆಗೆ ಎಳೆಸಿಕೊಳ್ಳದ ಸಮುದಾಯ ಅವರದು. ಗ್ಯಾಸಿನ ಫ್ರಿಜ್ ಅವರಿಗೆ ದಿನದಿನದ ಒಡನಾಡಿ. ಮೂರನೆಯದು 12 ವೋಲ್ಟಿನ ಕಂಪ್ರೆಸರ್ ಫ್ರಿಜ್. ಅದು ಓರೆಗೆ ಅಷ್ಟಾಗಿ ಅಂಜುವುದಿಲ್ಲ, ಎತ್ತರವನ್ನು ಲೆಕ್ಕಿಸುವುದಿಲ್ಲ, ಹಳೆಯದು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ತಂಪನ್ನು ಬೇಗನೆ ತಲುಪುತ್ತದೆ. ಆದರೆ ದಿನಕ್ಕೆ ಹತ್ತಿರಹತ್ತಿರ 50 ಆಂಪಿಯರ್-ಅವರ್ ಬೇಡುತ್ತದೆ. ಚಾವಣಿಯ ಮೇಲೆ ಸೌರಫಲಕ, ಒಳಗೆ ಲಿಥಿಯಂ ಬ್ಯಾಟರಿ ಇದ್ದವರಿಗೆ ಮಾತ್ರ ಅದು ನೆಮ್ಮದಿ ಕೊಡುತ್ತದೆ.

ಕೀಳುವ ಕೆಲಸಕ್ಕೆ ಅವಸರ ಸಲ್ಲದು. ಗ್ಯಾಸಿನ ಕೊಳವೆಯನ್ನು ಬಿಡಿಸಿ, ಮುಚ್ಚಳ ಬಿಗಿದು, ಸೋಪಿನ ನೀರು ಹಚ್ಚಿ ಗುಳ್ಳೆ ಏಳದಿರುವುದನ್ನು ನೋಡುವವರೆಗೆ ಬೇರೇನನ್ನೂ ಮುಟ್ಟಬಾರದು. ಪಳಗಿದ ಕೈಯಲ್ಲದಿದ್ದರೆ ಬಲ್ಲವರನ್ನು ಕರೆಯಬೇಕು. ಆಮೇಲೆ ವೈರು, ಆಮೇಲೆ ಸ್ಕ್ರೂ. ಕೊನೆಗೆ ಗಾಡಿಯ ಬಾಗಿಲಿನ ಪ್ರಶ್ನೆ: ಫ್ರಿಜ್ ಕೂರಿಸಿದ ಮೇಲೆ ಗೋಡೆ ಎಬ್ಬಿಸಿದ ಗಾಡಿಗಳೂ ಇವೆ, ಅಂಥಲ್ಲಿ ಕಿಟಕಿಯ ಚೌಕಟ್ಟನ್ನೇ ಬಿಚ್ಚಬೇಕಾಗುತ್ತದೆ. ನಮ್ಮ ಫ್ರಿಜ್ ಅದರ ಬಾಗಿಲು ಕಳಚಿದ ಮೇಲೆ ಅಂಗುಲ ಅಂಗುಲವಾಗಿ ಹೊರಬಂತು. ನಾವು ಆರಿಸಿದ ಕಂಪ್ರೆಸರ್ ಫ್ರಿಜ್ಜಿಗೆ ದಪ್ಪ ತಾಮ್ರದ ತಂತಿ ಎಳೆದೆವು. ಸಣ್ಣ ತಂತಿಯಲ್ಲಿ ವೋಲ್ಟೇಜ್ ಕುಸಿದರೆ, ಬ್ಯಾಟರಿ ತುಂಬಿದ್ದರೂ ಕಂಪ್ರೆಸರ್ ಹಸಿದೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡುವಾಗ ನನಗೆ ಮನವರಿಕೆಯಾದದ್ದು ಇದು: ಫ್ರಿಜ್ ಆರಿಸುವವರು ತಾವು ತಂಗುವ ಜಾಗವನ್ನೂ ಆರಿಸಿಕೊಳ್ಳುತ್ತಾರೆ. ಗ್ಯಾಸಿನದಾದರೆ ದಟ್ಟ ಕಾಡಿನ ನೆರಳಿನಲ್ಲಿ ದಿನಗಟ್ಟಲೆ ಸದ್ದಿಲ್ಲದೆ ಬೀಡುಬಿಡಬಹುದು, ನೆಲ ಮಟ್ಟವಾಗಿದ್ದರೆ ಸಾಕು. ಕಂಪ್ರೆಸರಿನದಾದರೆ ಓರೆ ದಿಬ್ಬದ ಮೇಲೂ ನಿಲ್ಲಬಹುದು, ಆದರೆ ಮೇಲೆ ಆಕಾಶ ತೆರೆದಿರಬೇಕು. ಬೆಲೆಪಟ್ಟಿ ನೋಡುವ ಮೊದಲು ಮನೆಮಂದಿಯೆಲ್ಲ ಕೂತು, ನಮಗೆ ಮರದಡಿ ಇಷ್ಟವೋ ಬಯಲು ಇಷ್ಟವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಮನೆಯವರೆಲ್ಲ ಬಯಲು ಎಂದರು; ಚಾವಣಿಗೆ ಮೊದಲು ಫಲಕ ಏರಿಸಿ, ಆಮೇಲೆ ಫ್ರಿಜ್ ಕೊಂಡೆವು.