ತೊಟ್ಟು

ಹನಿ ನೀರಾವರಿಯ ಕಪ್ಪು ಕೊಳವೆಗೆ ಸೇರಿಸುವ, ಕಿರುಬೆರಳ ಉಗುರಿನಷ್ಟು ಚಿಕ್ಕದಾದ ಪ್ಲಾಸ್ಟಿಕ್ ತುಣುಕಿಗೆ ಕನ್ನಡದಲ್ಲಿ ಏನೆನ್ನಬೇಕು? ಕಲ್ಯಾಣದ ಅಂಗಡಿಗಳಲ್ಲಿ ಅದು ಕನೆಕ್ಟರ್. ಅದರ ಬಂಧುಗಳು ಟೀ, ಎಲ್ಬೋ, ಗ್ರೊಮೆಟ್. ಇಡೀ ಪದ್ಧತಿಯನ್ನು ಮರಾಠಿಯಲ್ಲಿ ‘ಠಿಬಕ್ ಸಿಂಚನ’ ಎನ್ನುತ್ತಾರೆ. ಠಿಬಕ್ ಎಂಬಲ್ಲಿಯೇ ಹನಿ ಬೀಳುವ ಸದ್ದುಂಟು. ‘ಹನಿ ನೀರಾವರಿ’ ಎಂಬ ಹೆಸರು ಕನ್ನಡದಲ್ಲಿ ನೆಲೆಗೊಂಡಿದೆಯಾದರೂ, ಅದರ ಅಂಗಾಂಗಗಳನ್ನು ನಾವು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಕರೆಯುತ್ತೇವೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರವಿತ್ತವರು ನನ್ನ ತಂದೆ. ದಕ್ಷಿಣ ಕನ್ನಡದ ಅಡಿಕೆ ತೋಟವನ್ನು ಮಾರಿ, ಎಪ್ಪತ್ತು ದಾಟಿದ ಮೇಲೆ ನಮ್ಮಲ್ಲಿಗೆ ಬಂದವರು. ಅವರ ಬಾಲ್ಯದಲ್ಲಿ ತೋಟಕ್ಕೆ ನೀರು ಹರಿದದ್ದು ಅಡಿಕೆಮರವನ್ನು ಸೀಳಿ, ತಿರುಳು ತೆಗೆದು ಮಾಡಿದ ದಂಬೆಗಳಲ್ಲಿ. ಮೇಲಿನ ದಂಬೆಯ ತುದಿ ಕೆಳಗಿನದರ ಬಾಯಲ್ಲಿ ಸುಮ್ಮನೆ ಒರಗಿರುತ್ತಿತ್ತು. ಸೋರಿದ ನೀರೂ ತೋಟಕ್ಕೇ ಸಲ್ಲುತ್ತಿತ್ತು.

ಬಾಲ್ಕನಿಯ ನೀತಿ ಬೇರೆ. ಇಲ್ಲಿ ಸೋರಿದ ನೀರು ಕೆಳಮನೆಯವರ ಒಣಬಟ್ಟೆಯ ಮೇಲೆ ಬೀಳುತ್ತದೆ. ಆದಕಾರಣ, ಉಲ್ಹಾಸ ನದಿಯಿಂದ ನಗರಕ್ಕೆ ಬರುವ ನೀರನ್ನು ತಮ್ಮ ಬಸಳೆಗೂ ವೀಳ್ಯದ ಬಳ್ಳಿಗೂ ಉಣಿಸುವಲ್ಲಿ ತಂದೆ ಬಹಳ ಕ್ರಮವರಿತು ನಡೆಯುತ್ತಿದ್ದರು. 16 ಮಿಲಿಮೀಟರಿನ ಕೊಳವೆಯನ್ನು ಮೊದಲು ಬಿಸಿಲಿನಲ್ಲಿ ಚಾಚಿ ಸುರುಳಿ ಬಿಡಿಸುವರು. ತೂತಿಗೆ ಮೊಳೆ ಕೂಡದು. ಮೊಳೆ ಸೀಳುತ್ತದೆ, ಪಂಚು ದುಂಡಗೆ ಕತ್ತರಿಸುತ್ತದೆ. ತೂತು ತುಣುಕಿನ ಕತ್ತಿಗಿಂತ ಕೂದಲೆಳೆಯಷ್ಟು ಕಿರಿದಾಗಿರಬೇಕು. ಒತ್ತಿದಾಗ ಕೊಳವೆಯ ಗೋಡೆ ಹಿಗ್ಗಿ ದಾರಿ ಕೊಟ್ಟು, ಮರಳಿ ಕುಗ್ಗಿ ಕತ್ತನ್ನು ಬಿಗಿಹಿಡಿಯುತ್ತದೆ. ಮುಳ್ಳಿನಂಥ ಅಂಚು ಹಿಂದಕ್ಕೆ ಜಾರಗೊಡದು. ಹೊರತುದಿಗೆ ಏರಿಸುವ ಸಣ್ಣ ನಳಿಗೆ ಮಣಿಯದಿದ್ದರೆ ಅದರ ಬಾಯನ್ನು ಕ್ಷಣಕಾಲ ಬಿಸಿನೀರಿನಲ್ಲಿ ಅದ್ದಬೇಕು. ಕೊಳವೆಯ ಕೊನೆಯನ್ನು ಮುಚ್ಚುವ ಮುನ್ನ ನೀರು ಹರಿಸಿ ಒಳಗಿನ ಚೂರುಗಳನ್ನು ತೊಳೆಯಬೇಕು. ಗಂಟೆಗೆ 2 ಲೀಟರ್ ಉಣಿಸುವ ಕಣ್ಣನ್ನು ಕಟ್ಟಲು ಒಂದು ಚೂರು ಸಾಕು.

ಆ ತುಣುಕನ್ನು ತಂದೆ ‘ತೊಟ್ಟು’ ಎಂದರು. ‘ಇನ್ನೆರಡು ತೊಟ್ಟು ಕೊಡು ಮಗಾ’ ಎಂದಾಗ ಮೊಮ್ಮಗಳು ಅರ್ಥ ಕೇಳದೆಯೇ ಎತ್ತಿಕೊಟ್ಟಳು. ತೊಟ್ಟು ಎಂದರೆ ಹೂವನ್ನೂ ಹಣ್ಣನ್ನೂ ಕೊಂಬೆಗೆ ಹಿಡಿದಿಡುವ ಸಂಧಿ. ತೊಟ್ಟು ಎಂದರೆ ಹನಿಯೂ ಹೌದು. ನೀರನ್ನು ಹನಿಹನಿಯಾಗಿ ಗಿಡಕ್ಕೆ ಒಯ್ಯುವ ಜೋಡಣೆಗೆ ಎರಡು ಅರ್ಥಗಳೂ ಒಪ್ಪುತ್ತವೆ. ಪರಿಭಾಷಾ ಸಮಿತಿಯೊಂದು ಕುಳಿತಿದ್ದರೆ ‘ಸಂಯೋಜಕ’ ಎಂದು ಬರೆದು ಏಳುತ್ತಿತ್ತೇನೋ.

ತಂದೆ ತೀರಿಕೊಂಡು ನಾಲ್ಕು ವರ್ಷಗಳಾದವು. ಮಳೆಗಾಲ ಕಳೆದು, ಅಕ್ಟೋಬರಿನಲ್ಲಿ ಕೊಳವೆಗಳನ್ನು ಮತ್ತೆ ಹರಡುವಾಗ ಮಗಳು ಅಂಗಡಿಯಲ್ಲಿ ಕನೆಕ್ಟರ್ ಎನ್ನುತ್ತಾಳೆ, ಮನೆಯಲ್ಲಿ ತೊಟ್ಟು ಎನ್ನುತ್ತಾಳೆ. ಆ ಅರ್ಥದಲ್ಲಿ ಆ ಶಬ್ದವನ್ನು ಬಳಸುವವರು ನನಗೆ ತಿಳಿದಂತೆ ಈಗ ಮೂವರೇ.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಗ್ರಂಥಗಳ ಜೊತೆಗೆ ಜನರ ಆಡುಮಾತನ್ನೂ ಆಲಿಸಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವೃತ್ತಿಪದಕೋಶಗಳು ದುಡಿಮೆಯ ನುಡಿಗೆ ಮನ್ನಣೆ ತಂದವು. ಥಾಣೆ, ಕಲ್ಯಾಣ, ನವಿಮುಂಬಯಿಗಳ ಬಾಲ್ಕನಿಗಳಲ್ಲಿಯೂ ಊರಿನಿಂದ ಬಂದ ಹಿರಿಯರು ಹೊಸ ವಸ್ತುಗಳನ್ನು ಹಳೆಯ ಶಬ್ದಗಳಿಂದ ಕರೆಯುತ್ತಿರುತ್ತಾರೆ. ಕನ್ನಡ ವಿದ್ಯಾರ್ಥಿಗಳು ಆ ಸಂಜೆಗಳಲ್ಲಿ ಅವರ ಬಳಿ ಕುಳಿತು, ಕೈಗೆ ಪಂಚು ಕೊಟ್ಟು, ಅವರು ಏನೆನ್ನುತ್ತಾರೆಂದು ಬರೆದುಕೊಳ್ಳಬೇಕು.